ಹದ ಬಲ್ಲ ಕಂಬಾರನನ್ನು ಗುರುತಿಸುವುದು ಹೇಗೆ?

ಸಂತೆಯಲ್ಲಿ ಕುಡಗೋಲು ಕೊಳ್ಳುವಾಗ ನಾವು ನೋಡುವುದು ಎರಡೇ. ಒಂದು ಹೊಳಪು, ಇನ್ನೊಂದು ದರ. ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ಯಾರ ಮನೆಯದೆಂದು ವಿಚಾರಿಸುತ್ತೇವೆ. ದಿನವಿಡೀ ಕೈಯಲ್ಲಿರುವ ಕುಡಗೋಲಿನ ಬಗ್ಗೆ ಅಷ್ಟು ವಿಚಾರಣೆ ಇಲ್ಲ. ನಾನೂ ಹಾಗೇ ಇದ್ದೆ. ತಪ್ಪು ಮಾಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ನಮ್ಮದು ಬೆಳಗಾವಿ - ಖಾನಾಪುರ ರಸ್ತೆಯ ಪೀರನವಾಡಿ. ಬೆಳಗಾವಿ ಕಡೆ ಹೋದರೆ ಉದ್ಯಮಬಾಗ, ಖಾನಾಪುರ ಕಡೆ ಹೋದರೆ ಮಚ್ಛೆ. ಎರಡೂ ಕಡೆ ಕಾರ್ಖಾನೆಗಳು. ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಫೌಂಡ್ರಿಗಳಿಗೆ ಬೆಳಗಾವಿ ಹೆಸರುವಾಸಿ. ಇಷ್ಟು ಕಬ್ಬಿಣದ ನಡುವೆ ಇದ್ದೂ ಕುಡಗೋಲು, ಕೊಯ್ತಾ, ಖುರಪಿ ಬೇಕಾದರೆ ಕಂಬಾರನ ಕುಲುಮೆಗೇ ಹೋಗಬೇಕು. ಎರಕದ ಕಬ್ಬಿಣದಲ್ಲಿ ಇಂಗಾಲ ನೂರಕ್ಕೆ 2ಕ್ಕಿಂತ ಹೆಚ್ಚು. ಅದನ್ನು ಕಾಸಿ ಬಡಿದರೆ ಬಾಗುವುದಿಲ್ಲ, ಸೀಳುತ್ತದೆ. ಅಲಗಿಗೆ ಬೇಕಾದದ್ದು ಉಕ್ಕು. ಉಕ್ಕಿನ ಮೇಲೆ ಬೇಕಾದದ್ದು ಹದ.

ಸಳಿ ಕೊಟ್ಟು ಕೆಟ್ಟೆ

ಮನೆ ಕಟ್ಟಿಸಿದಾಗ ಸ್ಲ್ಯಾಬಿನ ಸಳಿ ಒಂದಿಷ್ಟು ಉಳಿದಿತ್ತು. ದುಡ್ಡು ಉಳಿಯುತ್ತದೆಂದು ಅದನ್ನೇ ಹೊತ್ತುಕೊಂಡು ಕಂಬಾರ ಕಾಕಾನ ಹತ್ತಿರ ಹೋದೆ. ಅವರು ಕೈಯಲ್ಲಿ ಹಿಡಿದು ನೋಡಿ, "ತಮ್ಮಾ, ಈ ಸಳಿಯಾಗ ಜೀವಾ ಇಲ್ಲ. ನೀ ಮಾಡಂದ್ರ ಮಾಡ್ತೀನಿ, ಆದ್ರ ಬಾಯಿ ನಿಲ್ಲೂದಿಲ್ಲ" ಅಂದರು. ನಾನು ಹಟ ಹಿಡಿದೆ. "ಕಬ್ಬಿಣ ಕಬ್ಬಿಣನ ಅಲ್ಲೇನ್ ಕಾಕಾ? ಮಾಡಿ ಕೊಡ್ರಿ" ಅಂದೆ.

ಎರಡು ಕುಡಗೋಲು ಮಾಡಿ ಕೊಟ್ಟರು. ಭತ್ತದ ಸುಗ್ಗಿಯ ಮೂರನೇ ದಿನಕ್ಕೆ ಎರಡರ ಬಾಯೂ ಮಡಚಿಕೊಂಡಿತು. ನಾನು ಚಹಾದಂಗಡಿಯಲ್ಲಿ ನಾಲ್ಕು ಮಂದಿ ಮುಂದೆ, "ಕಾಕಾನ ಕೈ ಕೆಟ್ಟೈತಿ, ಹದ ಬರವಲ್ದು" ಅಂದುಬಿಟ್ಟೆ. ಮಾತು ಅವರ ಕಿವಿಗೂ ಬಿತ್ತು. ಅವರು ಏನೂ ಅನ್ನಲಿಲ್ಲ. ಆದರೆ ಆ ವರ್ಷ ಮೂರು ಮನೆಯವರು ಅವರ ಕುಲುಮೆ ಬಿಟ್ಟು ಸಂತೆಯ ಮಾಲು ತಂದರು.

ಮುಂದಿನ ಮಳೆಗಾಲದಲ್ಲಿ ಲಾರಿ ಕಮಾನಿನ ಒಂದು ಹಳೆ ಪಾಟಾ ಸಿಕ್ಕಿತು. ಮುಜುಗರದಿಂದಲೇ ತೆಗೆದುಕೊಂಡು ಹೋದೆ. ಕಾಕಾ ಅದರಲ್ಲೊಂದು ಕುಡಗೋಲು ಮಾಡಿ, ನನ್ನ ಹಳೆ ಕುಡಗೋಲಿನ ಬಾಜೂ ಇಟ್ಟರು. ಕೈಗೊಂದು ಅರ ಕೊಟ್ಟರು (ನಮ್ಮ ಕಡೆ ಇದಕ್ಕೆ ಕಾನಸು ಅಂತಾರೆ). "ಎರಡರ ಬಾಯಿಗೂ ತಿಕ್ಕಿ ನೋಡು" ಅಂದರು. ಹಳೆಯದರಲ್ಲಿ ಅರ ಬೆಣ್ಣೆ ಕೆರೆದ ಹಾಗೆ ಹಿಡಿಯಿತು. ಹೊಸದರ ಮೇಲೆ ಜಾರಿ ಹೋಯಿತು. "ನನ್ನ ಕೈ ಅದ ಐತಿ ತಮ್ಮಾ. ಮಾಲು ಬ್ಯಾರೆ" ಅಂದರು. ನನ್ನ ತಲೆ ತಗ್ಗಿತು.

ಮಾಲಿನ ಗುಟ್ಟು

ಕಬ್ಬಿಣಕ್ಕೆ ಗಟ್ಟಿತನ ಬರುವುದು ಅದರೊಳಗಿನ ಇಂಗಾಲದಿಂದ. ಮನೆ ಕಟ್ಟುವ ಸಳಿಯಲ್ಲಿ ಇಂಗಾಲ ನೂರಕ್ಕೆ ಕಾಲು ಪಾಲಿನ ಆಸುಪಾಸು. ಎಷ್ಟು ಕಾಸಿ ನೀರಿಗೆ ಅದ್ದಿದರೂ ಅಲಗಿಗೆ ಬೇಕಾದಷ್ಟು ಗಟ್ಟಿ ಆಗುವುದಿಲ್ಲ. ಲಾರಿ ಕಮಾನಿನ ಪಾಟಾದಲ್ಲಿ ನೂರಕ್ಕೆ 0.5ರಿಂದ 0.6 ಇರುತ್ತದೆ. ಕುಡಗೋಲು, ಕೊಯ್ತಾ, ಕೊಡಲಿಗೆ ಇದು ಹೇಳಿ ಮಾಡಿಸಿದ ಮಾಲು. ಹಳೆ ಅರದಲ್ಲಿ ನೂರಕ್ಕೆ 1ರ ಸುತ್ತಮುತ್ತ. ಅದರ ಸಣ್ಣ ಚಾಕು ಬಹಳ ಹರಿತ. ಆದರೆ ಹದ ತಪ್ಪಿದರೆ ಗಾಜಿನ ಹಾಗೆ ಮುರಿಯುತ್ತದೆ.

ಹದದ ಗುಟ್ಟು

ಹದ ಎಂದರೆ ಎರಡು ಕೆಲಸ. ಮೊದಲನೆಯದು ನೀರು ಕುಡಿಸುವುದು. ಅಲಗನ್ನು ಕೆಂಪಗೆ ಕಾಸಿ ನೀರಿಗೋ ಎಣ್ಣೆಗೋ ಅದ್ದಬೇಕು. ಕಾವು ಸುಮಾರು 770 ಡಿಗ್ರಿ ದಾಟಿದಾಗ ಉಕ್ಕಿಗೆ ಅಯಸ್ಕಾಂತ ಅಂಟುವುದಿಲ್ಲ. ಅದಕ್ಕಿಂತ ತುಸು ಮೇಲೆ ಹೋದಾಗ ಅದ್ದಬೇಕು. ಕಾವು ಕಡಿಮೆಯಾದರೆ ಗಟ್ಟಿ ಆಗುವುದಿಲ್ಲ, ಬಹಳ ಹೆಚ್ಚಾದರೆ ಒರಟಾಗಿ ಬಿರುಕು ಬಿಡುತ್ತದೆ. ನಮ್ಮ ಕಾಕಾ ಅಯಸ್ಕಾಂತ ಹಿಡಿದವರಲ್ಲ. ಕಣ್ಣಿಗೆ ಕಂಡ ಬಣ್ಣವೇ ಅವರ ಅಳತೆ. ಕುಲುಮೆ ಯಾಕೆ ಕತ್ತಲಲ್ಲಿ ಇರುತ್ತದೆ ಎಂದು ನನಗೆ ಆಗ ತಿಳಿಯಿತು. ಬಿಸಿಲಿನಲ್ಲಿ ಕೆಂಪಿನ ಅಂದಾಜು ಸಿಗುವುದಿಲ್ಲ.

ಎರಡನೆಯದು ಹದ ಇಳಿಸುವುದು. ಅದ್ದಿದ ಅಲಗು ಬಹಳ ಗಟ್ಟಿ, ಆದರೆ ಪೆಡಸು. ಅದನ್ನು ತಿಕ್ಕಿ ಬೆಳ್ಳಗೆ ಮಾಡಿ ಮತ್ತೆ ಮೆಲ್ಲಗೆ ಕಾಸುತ್ತಾರೆ. ಆಗ ಮೈಮೇಲೆ ಬಣ್ಣ ಓಡುತ್ತದೆ. ಮೊದಲು ಒಣಹುಲ್ಲಿನ ಹಳದಿ (ಸುಮಾರು 220ರಿಂದ 230 ಡಿಗ್ರಿ), ಆಮೇಲೆ ಕಂದು, ನೇರಳೆ, ಕಡೆಗೆ ನೀಲಿ (ಸುಮಾರು 300 ಡಿಗ್ರಿ). ಚಾಕುವಿಗೆ ಹಳದಿಯಲ್ಲಿ ನಿಲ್ಲಿಸಬೇಕು. ಪೆಟ್ಟು ತಿನ್ನುವ ಕೊಡಲಿಗೆ ಇನ್ನೂ ಮುಂದೆ ಬಿಡಬೇಕು. ಈ ಬಣ್ಣ ಓಡುವುದು ಎಣಿಸುವಷ್ಟು ಕ್ಷಣ ಮಾತ್ರ. ಆ ಕ್ಷಣ ಹಿಡಿಯುವವನೇ ಕಂಬಾರ.

ಕೊಳ್ಳುವ ಮುಂಚೆ ಐದು ಪರೀಕ್ಷೆ

1. ಅರ ತಿಕ್ಕಿ ನೋಡಿ. ಬಾಯಿಯ ಮೇಲೆ ಅರ ಜಾರಬೇಕು ಅಥವಾ ಕಷ್ಟಪಟ್ಟು ಹಿಡಿಯಬೇಕು. ಬೆನ್ನಿನ ಮೇಲೆ ಸುಲಭವಾಗಿ ಹಿಡಿಯಬೇಕು. ಬಾಯಿ ಗಟ್ಟಿ, ಬೆನ್ನು ಮೆದು ಇದ್ದರೆ ಅಲಗು ಮುರಿಯುವುದಿಲ್ಲ.

2. ಬಡಿದು ಕೇಳಿ. ಅಲಗನ್ನು ತೂಗುಬಿಟ್ಟು ಬೆರಳಿನಿಂದ ತಟ್ಟಿ. ನಾದ ಸ್ವಚ್ಛ ಇರಬೇಕು. ಒಡಕು ಮಡಕೆಯ ಸದ್ದು ಬಂದರೆ ಒಳಗೆ ಬಿರುಕಿದೆ.

3. ತುಸು ಬಾಗಿಸಿ. ಬಿಟ್ಟಾಗ ಮೊದಲಿನ ಹಾಗೆ ನಿಲ್ಲಬೇಕು. ಬಾಗಿದಲ್ಲೇ ಉಳಿದರೆ ಹದ ಇಲ್ಲ.

4. ಸಾಣೆ ಚಕ್ರದ ಕಿಡಿ ನೋಡಿ. ಮೆದು ಕಬ್ಬಿಣದ ಕಿಡಿ ಉದ್ದ ಗೆರೆಯ ಹಾಗೆ ಹಾರುತ್ತದೆ. ಇಂಗಾಲ ಹೆಚ್ಚಿದ್ದರೆ ಕಿಡಿ ಸುರಸುರಬತ್ತಿಯ ಹಾಗೆ ಕವಲೊಡೆಯುತ್ತದೆ.

5. ಹಿಡಿ ನೋಡಿ. ಅಲಗಿನ ಬಾಲ ಹಿಡಿಯೊಳಗೆ ಆಳಕ್ಕೆ ಹೋಗಿರಬೇಕು, ಬಾಯಲ್ಲಿ ಬಳೆ ಬಿಗಿಯಾಗಿರಬೇಕು. ಸಡಿಲ ಹಿಡಿಯಿಂದಲೇ ಕೈ ಕೊಯ್ದುಕೊಂಡವರು ಬಹಳ.

ಕೈ ನೋಡಿ ಮಾಡುವವ

ಕಾರ್ಖಾನೆ ಕುಡಗೋಲು ಎಲ್ಲ ಕೆಟ್ಟದ್ದು ಅನ್ನುವುದಿಲ್ಲ. ಚಲೋ ಉಕ್ಕಿನವೂ ಇವೆ. ಆದರೆ ಕಾರ್ಖಾನೆಗೆ ನಮ್ಮ ಕೈ ಗೊತ್ತಿಲ್ಲ.

ನಮ್ಮ ಮನೆಯಾಕೆಗೆ ಎಡಗೈ ರೂಢಿ. ಸುಗ್ಗಿಯಲ್ಲಿ ಸಾಲಿನಲ್ಲಿ ಯಾವಾಗಲೂ ಹಿಂದೆ ಬೀಳುತ್ತಿದ್ದಳು. ನೆರೆಯವರು ನಗುತ್ತಿದ್ದರು. ನಾನೂ ಒಂದೆರಡು ಸಲ ಗದರಿದ್ದೆ. ಒಮ್ಮೆ ಕಾಕಾ ಗದ್ದೆಯ ದಂಡೆಯಲ್ಲಿ ಹೋಗುತ್ತ ನಿಂತು ನೋಡಿದರು. "ಆಕಿ ಕೈ ಸಾವಕಾಶ ಇಲ್ಲ. ನಿನ್ನ ಕುಡಗೋಲು ಆಕಿಗಿ ಅಡ್ಡ ಆಗೇತಿ" ಅಂದರು. ವಿಷಯ ಇಷ್ಟೇ: ಹಲ್ಲಿನ ಕುಡಗೋಲಿಗೆ ಒಂದೇ ಮಗ್ಗುಲಿಗೆ ಹಲ್ಲು ಕಡಿದಿರುತ್ತಾರೆ. ಬಲಗೈಗೆ ಅದು ಸರಿ. ಎಡಗೈಯಲ್ಲಿ ಹಿಡಿದರೆ ಮಗ್ಗುಲು ಅದಲುಬದಲಾಗಿ ಅಲಗು ಮೇಲಕ್ಕೆ ಜಾರುತ್ತದೆ. ಕಾಕಾ ಇನ್ನೊಂದು ಮಗ್ಗುಲಿಗೆ ಹಲ್ಲು ಕಡಿದು, ಹಿಡಿ ತುಸು ಸಣ್ಣ ಮಾಡಿ ಕೊಟ್ಟರು. ಆ ವರ್ಷ ಆಕೆ ಸಾಲಿನಲ್ಲಿ ನನಗಿಂತ ಮುಂದಿದ್ದಳು. ಇಪ್ಪತ್ತು ವರ್ಷ ಸಂಸಾರ ಮಾಡಿ ನನಗೆ ಕಾಣದ್ದು ಅವರಿಗೆ ಗದ್ದೆಯ ದಂಡೆಯಿಂದ ಕಂಡಿತು.

ಹೆಸರು ಉಳಿಯದ ಕೈಗಳು

ಇದು ಇವತ್ತಿನ ಕಥೆಯಲ್ಲ. ದಕ್ಷಿಣ ಭಾರತದ ಉಕ್ಕು ಒಂದು ಕಾಲಕ್ಕೆ ಜಗತ್ತಿಗೇ ಬೇಕಾಗಿತ್ತು. ಇಂಗ್ಲಿಷರು ಅದನ್ನು 'ವೂಟ್ಜ್' ಎಂದರು. ನಮ್ಮ 'ಉಕ್ಕು' ಪದವೇ ಹಾಗೆ ತಿರುಚಿಕೊಂಡಿದೆ ಎಂದು ಹಲವು ವಿದ್ವಾಂಸರ ಅಭಿಪ್ರಾಯ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಕಬ್ಬಿಣ, ಉಕ್ಕು ಮಾಡುವ ರೀತಿಯನ್ನು ಬರೆದಿಟ್ಟ. ಮುಂದೆ ವಿದ್ಯುತ್ ಸಂಶೋಧನೆಗೆ ಹೆಸರಾದ ಮೈಕೆಲ್ ಫ್ಯಾರಡೆ, ಸ್ಟೋಡಾರ್ಟ್ ಎಂಬ ಚಾಕು ತಯಾರಕನ ಜತೆ ಸೇರಿ 1820ರ ಹೊತ್ತಿಗೆ ಈ ಉಕ್ಕಿನ ಗುಟ್ಟು ಹುಡುಕಿದ. ಫ್ಯಾರಡೆಯ ಅಪ್ಪನೂ ಕಮ್ಮಾರನೇ. ಬುಕಾನನ್ ಹೆಸರು ಉಳಿಯಿತು, ಫ್ಯಾರಡೆ ಹೆಸರು ಉಳಿಯಿತು. ಆ ಉಕ್ಕನ್ನು ಕಾಸಿದ ನಮ್ಮವರ ಹೆಸರು ಯಾರ ಬಾಯಲ್ಲೂ ಉಳಿಯಲಿಲ್ಲ.

ನಾವು ಮಾಡಬಹುದಾದದ್ದು

ಮೊದಲು ಕಂಬಾರನಿಗೆ ಆಯ ಇತ್ತು. ಕಣದಲ್ಲಿ ರಾಶಿ ಆದಾಗ ಅವನ ಪಾಲು ಅಳೆದು ಕೊಡುತ್ತಿದ್ದರು. ಈಗ ಅದು ಬಹುಮಟ್ಟಿಗೆ ನಿಂತಿದೆ, ಚೌಕಾಶಿ ಮಾತ್ರ ಉಳಿದಿದೆ. ಇದ್ದಿಲು, ಮಾಲು, ಸುತ್ತಿಗೆ ಬಡಿಯುವವನ ಕೂಲಿ ಎಲ್ಲ ರೊಕ್ಕ ಕೊಟ್ಟೇ ಆಗಬೇಕು. ಹಾಗಾಗಿ:

- ಸುಗ್ಗಿಯ ಮುನ್ನಾದಿನ ಓಡಬೇಡಿ. ಮಳೆಗಾಲದಲ್ಲೇ ಹೇಳಿ, ಅರ್ಧ ರೊಕ್ಕ ಮುಂಗಡ ಕೊಡಿ. ಅವನಿಗೂ ಕೆಲಸ, ನಿಮಗೂ ಸಮಾಧಾನದ ಹದ.
- ಮಾಲು ಯಾವುದು ಬೇಕು ಎಂದು ಅವನನ್ನೇ ಕೇಳಿ.
- ಸಾಣೆ ಚಕ್ರಕ್ಕೆ ಹಿಡಿದಾಗ ಬಾಯಿ ನೀಲಿ ಆಯಿತೆಂದರೆ ಹದ ಹೋಯಿತು. ನೀರು ಹಾಕುತ್ತ ಕಲ್ಲಿನ ಮೇಲೆ ಮಸೆಯಿರಿ. ಕುಡಗೋಲಿನಿಂದ ಬೆಂಕಿ ಕೆದರಬೇಡಿ.
- 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಇದೆ. ತರಬೇತಿ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಸಾಲ ಅದರಲ್ಲಿದೆ. ಓದುಬರಹ ಕಡಿಮೆ ಇದ್ದವರಿಗೆ ಅರ್ಜಿ ತುಂಬಿ ಕೊಡುವುದು ನಮ್ಮ ಮಕ್ಕಳಿಗೆ ಅರ್ಧ ದಿನದ ಕೆಲಸ.
- ಕೆಲಸ ಚಲೋ ಇದ್ದರೆ ನಾಲ್ಕು ಮಂದಿಗೆ ಹೇಳಿ. ಕೆಟ್ಟರೆ ಮೊದಲು ಅವನಿಗೇ ಹೇಳಿ.

ಕಡೆಯದನ್ನು ನಾನು ತಡವಾಗಿ ಮಾಡಿದೆ. ಅದೇ ಚಹಾದಂಗಡಿಯಲ್ಲಿ ಎರಡೂ ಕುಡಗೋಲು ಮೇಜಿನ ಮೇಲಿಟ್ಟು, ತಪ್ಪು ನನ್ನದು ಎಂದು ಹೇಳಿದೆ. ಬಿಟ್ಟುಹೋಗಿದ್ದ ಮೂರು ಮನೆಗಳಲ್ಲಿ ಎರಡು ಮರಳಿ ಬಂದವು. ಇನ್ನೊಂದು ಇವತ್ತಿಗೂ ಬಂದಿಲ್ಲ.

ಈ ಲೇಖನದಲ್ಲಿ ಹೆಸರು ಹಾಕಲೇನು ಎಂದು ಕಾಕಾನನ್ನು ಕೇಳಿದೆ. "ಹೆಸರು ಬ್ಯಾಡ ತಮ್ಮಾ. ಮಗ ತಿದಿ ಹಿಡಿಯಾಂವ ಇಲ್ಲ, ಕಾರ್ಖಾನೆಗಿ ಹೊಂಟಾನ. ಕಲಿಯಾಕ ಯಾರರ ಹುಡುಗ ಇದ್ರ ಕಳಸು" ಅಂದರು. ಅವರ ಮಾತಿನಂತೆ ಹೆಸರು ಬಿಟ್ಟಿದ್ದೇನೆ. ನಿಮ್ಮ ಕಡೆ ಕತ್ತಿ ಅನ್ನಿ, ಮಚ್ಚು ಅನ್ನಿ, ಕುಡಗೋಲು ಅನ್ನಿ, ಮಾಡುವ ಇಂಥ ಕೈ ನಿಮ್ಮೂರಲ್ಲೂ ಇದ್ದೀತು. ಖಂಡೇ ಪೂಜೆಯ ದಿನ ಕುಡಗೋಲಿಗೆ ಕುಂಕುಮ ಹಚ್ಚುವ ನಾವು, ಆ ದಿನ ಒಮ್ಮೆ ಕುಲುಮೆಯ ತನಕವೂ ನಡೆದು ಹೋಗಿ ಬರೋಣ.