ನೇರಳೆ ಬಂದರೆ ಪ್ರೋಟೀನ್: ಬೈಯುರೆಟ್ ಪರೀಕ್ಷೆ ಮಾಡುವ ಕ್ರಮ

ಕೊಟ್ಟ ದ್ರಾವಣದಲ್ಲಿ ಪ್ರೋಟೀನ್ ಇದೆಯೇ ಎಂದು ಪ್ರಯೋಗಾಲಯದಲ್ಲಿ ಕೇಳಿದರೆ ವಿದ್ಯಾರ್ಥಿಯ ಕೈ ಹೋಗುವುದು ಬೈಯುರೆಟ್ ಕಾರಕದ ಕಡೆಗೆ. ಮೈಲುತುತ್ತ ಮತ್ತು ಕಾಸ್ಟಿಕ್ ಸೋಡಾ ಇದರ ಜೀವಾಳ. ಅಡಿಕೆ ಬೆಳೆಗಾರರು ಬೋರ್ಡೋ ದ್ರಾವಣಕ್ಕೆ ಬಳಸುವ ಅದೇ ಮೈಲುತುತ್ತ ಇಲ್ಲಿ ಪ್ರೋಟೀನಿನ ಗುರುತು ಹಿಡಿಯುತ್ತದೆ. ಪರೀಕ್ಷೆ ಸುಲಭ. ಆದರೆ ಪಕ್ಕದಲ್ಲಿ ಬರೀ ನೀರಿನ ಪ್ರನಾಳವೊಂದನ್ನು ಇಟ್ಟುಕೊಳ್ಳದೆ ಫಲಿತಾಂಶ ಹೇಳಲೇಬಾರದು.

ಬಣ್ಣ ಬರುವುದೇಕೆ?

ಪ್ರೋಟೀನಿನಲ್ಲಿ ಅಮೈನೊ ಆಮ್ಲಗಳು ಪೆಪ್ಟೈಡ್ ಬಂಧಗಳಿಂದ ಸಾಲಾಗಿ ಕೂಡಿಕೊಂಡಿರುತ್ತವೆ. ಕ್ಷಾರೀಯ ದ್ರಾವಣದಲ್ಲಿ ಮೈಲುತುತ್ತದಲ್ಲಿರುವ ತಾಮ್ರದ ಅಯಾನು ಈ ಬಂಧಗಳ ನೈಟ್ರೋಜನ್‌ಗಳ ಜೊತೆ ಸೇರಿದಾಗ ನೀಲಿ ಹೋಗಿ ನೇರಳೆ ಮೂಡುತ್ತದೆ. ಇದಕ್ಕೆ ಕನಿಷ್ಠ ಎರಡು ಪೆಪ್ಟೈಡ್ ಬಂಧಗಳಾದರೂ ಇರಬೇಕು. ಹಾಗಾಗಿ ಬಿಡಿ ಅಮೈನೊ ಆಮ್ಲಗಳು ಸಾಮಾನ್ಯವಾಗಿ ಈ ಬಣ್ಣ ಕೊಡುವುದಿಲ್ಲ.

ಬೇಕಾದವು

• ಶೇ 10ರ ಸೋಡಿಯಂ ಹೈಡ್ರಾಕ್ಸೈಡ್ (ಕಾಸ್ಟಿಕ್ ಸೋಡಾ) ದ್ರಾವಣ
• ಶೇ 1ರ ಮೈಲುತುತ್ತದ ದ್ರಾವಣ
• ಮೊಟ್ಟೆಯ ಬಿಳಿ, ಹಾಲು, ಸೋಸಿದ ಬೇಳೆಕಟ್ಟು, ಸಕ್ಕರೆ ನೀರು
• ಪ್ರನಾಳಗಳು, ಡ್ರಾಪರ್, ಕೈಗವಸು, ಕನ್ನಡಕ

ಮಾಡುವ ಕ್ರಮ

1. ಒಂದು ಪಾಲು ಮೊಟ್ಟೆಯ ಬಿಳಿಗೆ ಹತ್ತು ಪಾಲು ನೀರು, ಚಿಟಿಕೆ ಉಪ್ಪು ಸೇರಿಸಿ ಕದಡಿ, ಸೋಸಿ.
2. ಪ್ರತಿ ಮಾದರಿಯಿಂದ 2 ಮಿ.ಲೀ. ಬೇರೆ ಬೇರೆ ಪ್ರನಾಳಕ್ಕೆ ಹಾಕಿ. ಇನ್ನೊಂದಕ್ಕೆ 2 ಮಿ.ಲೀ. ನೀರು ಹಾಕಿ. ಎಲ್ಲಕ್ಕೂ ಚೀಟಿ ಅಂಟಿಸಿ.
3. ಪ್ರತಿಯೊಂದಕ್ಕೂ 2 ಮಿ.ಲೀ. ಸೋಡಿಯಂ ಹೈಡ್ರಾಕ್ಸೈಡ್ ಸೇರಿಸಿ ಅಲುಗಾಡಿಸಿ.
4. ಮೈಲುತುತ್ತದ ದ್ರಾವಣವನ್ನು ಎರಡು–ಮೂರು ಹನಿ ಮಾತ್ರ ಬಿಡಿ. ಎಲ್ಲ ಪ್ರನಾಳಗಳಿಗೂ ಹನಿಗಳ ಸಂಖ್ಯೆ ಒಂದೇ ಇರಲಿ.
5. ಕಾಯಿಸಬೇಡಿ. ಕೆಲವು ನಿಮಿಷ ಬಿಟ್ಟು, ಪ್ರನಾಳಗಳ ಹಿಂದೆ ಬಿಳಿ ಹಾಳೆ ಹಿಡಿದು ನೋಡಿ.

ಮೊಟ್ಟೆಯ ಬಿಳಿ ಇರುವ ಪ್ರನಾಳ ನೇರಳೆಗೆ ತಿರುಗುತ್ತದೆ. ನೀರಿನ ಮತ್ತು ಸಕ್ಕರೆಯ ಪ್ರನಾಳಗಳಲ್ಲಿ ನೇರಳೆ ಬರುವುದಿಲ್ಲ, ನೀಲಿಯೇ ಉಳಿಯುತ್ತದೆ. ಹಾಲಿನಲ್ಲಿ ಬಣ್ಣ ಮಸುಕಾಗಿ ಕಾಣುವುದರಿಂದ ಅದನ್ನು ಮೊದಲೇ ನೀರು ಬೆರೆಸಿ ತೆಳುಮಾಡಿಕೊಳ್ಳಿ.

ಎಡವುವುದು ಎಲ್ಲಿ?

ಮೈಲುತುತ್ತ ಹೆಚ್ಚಾದರೆ ಅದರ ನೀಲಿ ನೇರಳೆಯನ್ನು ಮುಚ್ಚಿಹಾಕುತ್ತದೆ. ಅಮೋನಿಯಂ ಲವಣವಿದ್ದರೆ ಗಾಢ ನೀಲಿ ಬಂದು ದಾರಿ ತಪ್ಪಿಸುತ್ತದೆ. ಪ್ರೋಟೀನ್ ತೀರಾ ಕಡಿಮೆಯಿದ್ದರೆ ಬಣ್ಣ ಕಣ್ಣಿಗೆ ಕಾಣದೆಯೂ ಹೋಗಬಹುದು. ಅಂಥಲ್ಲಿ ‘ಇಲ್ಲ’ ಎನ್ನುವ ಬದಲು ‘ಈ ಪರೀಕ್ಷೆಗೆ ಸಿಗಲಿಲ್ಲ’ ಎಂದು ಬರೆಯುವುದೇ ಸರಿ.

ಕಾಸ್ಟಿಕ್ ಸೋಡಾ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ದ್ರಾವಣವನ್ನು ಶಿಕ್ಷಕರೇ ತಯಾರಿಸಲಿ. ನೀರಿಗೆ ಸೋಡಾವನ್ನು ಸ್ವಲ್ಪಸ್ವಲ್ಪವೇ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು. ಮೈಗೆ ತಾಗಿದರೆ ಕೂಡಲೇ ಧಾರಾಳ ನೀರಿನಿಂದ ತೊಳೆಯಿರಿ.

ಅಳತೆಗೂ ಇದೇ ಕಾರಕ

ಎರಡೂ ದ್ರಾವಣಗಳನ್ನು ಒಟ್ಟಿಗೆ ಬೆರೆಸಿಟ್ಟರೆ ತಾಮ್ರದ ಹೈಡ್ರಾಕ್ಸೈಡ್ ಗಸಿಯಾಗಿ ಕೂರುತ್ತದೆ. ಸೋಡಿಯಂ ಪೊಟ್ಯಾಸಿಯಂ ಟಾರ್ಟ್ರೇಟ್ ಸೇರಿಸಿದರೆ ತಾಮ್ರ ಕರಗಿಯೇ ಉಳಿಯುತ್ತದೆ. 1949ರಲ್ಲಿ ಗೋರ್ನಾಲ್ ಮತ್ತು ಸಂಗಡಿಗರು ಪ್ರಕಟಿಸಿದ ಸೂತ್ರದಂತೆ ಒಂದು ಲೀಟರ್ ಕಾರಕಕ್ಕೆ 1.5 ಗ್ರಾಂ ಮೈಲುತುತ್ತ, 6 ಗ್ರಾಂ ಟಾರ್ಟ್ರೇಟ್, ಶೇ 10ರ ಸೋಡಿಯಂ ಹೈಡ್ರಾಕ್ಸೈಡ್ 300 ಮಿ.ಲೀ. ಬೇಕು. ಇದನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿಡಿ. ಕಪ್ಪು ಅಥವಾ ಕೆಂಪು ಗಸಿ ಕಂಡರೆ ಬಳಸಬೇಡಿ.

ಬಣ್ಣದ ಗಾಢತೆಯನ್ನು 540 ನ್ಯಾನೊಮೀಟರ್‌ನಲ್ಲಿ ಅಳೆದು ಪ್ರೋಟೀನಿನ ಪ್ರಮಾಣ ಲೆಕ್ಕ ಹಾಕುತ್ತಾರೆ. ರಕ್ತ ಪರೀಕ್ಷೆಯ ವರದಿಯಲ್ಲಿ ಕಾಣುವ ‘ಟೋಟಲ್ ಪ್ರೋಟೀನ್’ ಅಂಕಿಯನ್ನು ಸಾಮಾನ್ಯವಾಗಿ ಪಡೆಯುವುದು ಈ ವಿಧಾನದಿಂದಲೇ. ಅಲ್ಲಿಯೂ ಮಾದರಿಯಿಲ್ಲದ ಕಾರಕವನ್ನು ಸೊನ್ನೆಯೆಂದು ಇಟ್ಟುಕೊಂಡ ಮೇಲೆಯೇ ರೋಗಿಯ ಅಂಕಿ ಓದುವುದು. ಆದ್ದರಿಂದ ರೆಕಾರ್ಡ್ ಪುಸ್ತಕದಲ್ಲಿ ನೀರಿನ ಪ್ರನಾಳದ ಬಣ್ಣವನ್ನು ಮೊದಲು ಬರೆಯಿರಿ, ಮಾದರಿಯದು ಆಮೇಲೆ.