ಚಿಲ್ಲರೆ ಇಟ್ಟುಕೊಂಡು ಬಸ್ಸು ಹತ್ತು, ಮಗ

ಸೋಮವಾರದಿಂದ ನೀನು ಬೆಂಗಳೂರಿನಲ್ಲಿ ಕೆಲಸಕ್ಕೆ ಹೋಗುವವನು. ರೂಮು ಒಂದು ದಿಕ್ಕು, ಆಫೀಸು ಇನ್ನೊಂದು ದಿಕ್ಕು, ನಡುವೆ ದಿನಾ ಎರಡು ಹೊತ್ತು ಬಿಎಂಟಿಸಿ ಬಸ್ಸು. ಹಾಸಿಗೆ, ಬಕೆಟ್ಟು, ಚಟ್ನಿಪುಡಿ ಎಲ್ಲ ನಿಮ್ಮಮ್ಮ ಕಟ್ಟಿಕೊಟ್ಟಿದ್ದಾಳೆ. ನಾನು ಹೇಳಬೇಕಾದ್ದು ಒಂದೇ: ಬಸ್ಸು ಹತ್ತುವಾಗ ಜೇಬಿನಲ್ಲಿ ಚಿಲ್ಲರೆ ಇರಲಿ.

“ಎಲ್ಲ ಫೋನಲ್ಲೇ ಆಗುತ್ತೆ ದೊಡ್ಡಮ್ಮ” ಅಂತೀಯ. ಆಗುತ್ತೆ, ಇಲ್ಲ ಅನ್ನೋದಿಲ್ಲ. ಕಂಡಕ್ಟರ್ ಹತ್ತಿರ ಕ್ಯೂಆರ್ ಕೋಡ್ ಇರುತ್ತೆ, ಸ್ಕ್ಯಾನ್ ಮಾಡಿದರೆ ದುಡ್ಡು ಹೋಗುತ್ತೆ. ಆದರೆ ಬೆಳಿಗ್ಗೆ ಒಂಬತ್ತು ಗಂಟೆಯ ಬಸ್ಸು ನೋಡು. ಒಂದು ಕೈ ಕಂಬಿಯಲ್ಲಿ, ಇನ್ನೊಂದು ಕೈಯಲ್ಲಿ ಬ್ಯಾಗು. ನೆಟ್‌ವರ್ಕ್ ಸಿಗದೆ ಪರದೆಯ ಮೇಲೆ ಗುಂಡಗೆ ಸುತ್ತುತ್ತಲೇ ಇರುತ್ತೆ. ದುಡ್ಡು ಬಂತೋ ಇಲ್ಲವೋ ಗೊತ್ತಾಗುವ ತನಕ ಕಂಡಕ್ಟರ್ ನಿನ್ನೆದುರೇ ನಿಂತಿರಬೇಕು. ಮುಂದಿನ ಸ್ಟೇಜ್ ಬರುವುದರೊಳಗೆ ಹತ್ತಿದವರಿಗೆಲ್ಲ ಟಿಕೆಟ್ ಕೊಟ್ಟು ಮುಗಿಸಬೇಕಾದ ಮನುಷ್ಯ ಅವರು. ಇನ್ನು ರಾತ್ರಿ ಫೋನು ಸತ್ತುಹೋದರೆ ನಿನ್ನ ಹತ್ತಿರ ಉಳಿಯುವುದು ಜೇಬಿನಲ್ಲಿರುವುದಷ್ಟೇ. ಫೋನೂ ಇರಲಿ, ನೋಟೂ ಇರಲಿ.

ಈಗಿನ ದರ ಬೇರೆ ಹೇಗಿದೆ ನೋಡು. 2025ರ ಜನವರಿ 5ರಿಂದ ನಮ್ಮ ನಾಲ್ಕೂ ಸಾರಿಗೆ ನಿಗಮಗಳು ದರವನ್ನು ಶೇಕಡ 15 ಏರಿಸಿದವು. ಬಿಎಂಟಿಸಿ ಸಾಮಾನ್ಯ ಬಸ್ಸಿನಲ್ಲಿ ಮೊದಲು 5, 10, 15, 20, 25 ಅಂತ ಸಲೀಸಾಗಿತ್ತು. ಈಗ 6, 12, 18, 23, 28. ಹತ್ತರ ನೋಟು ಕೊಟ್ಟು ಟಿಕೆಟ್ ಹರಿಸಿಕೊಳ್ಳುವ ಕಾಲ ಹೋಯಿತು, ಒಂದು ಎರಡರ ನಾಣ್ಯ ಇಲ್ಲದಿದ್ದರೆ ಲೆಕ್ಕ ಚುಕ್ತಾ ಆಗುವುದಿಲ್ಲ. ನಿನ್ನ ದಾರಿಗೆ ಎಷ್ಟು ದರ ಅನ್ನುವುದನ್ನು ಮೊದಲ ದಿನವೇ ತಿಳಿದುಕೊ. 23 ರೂಪಾಯಿ ಅಂದರೆ ಇಪ್ಪತ್ತರ ನೋಟು, ಎರಡರ ನಾಣ್ಯ, ಒಂದರ ನಾಣ್ಯ. ರಾತ್ರಿ ಮಲಗುವ ಮುಂಚೆಯೇ ಹೋಗುವುದಕ್ಕೊಂದು ಜೊತೆ, ಬರುವುದಕ್ಕೊಂದು ಜೊತೆ ತೆಗೆದಿಟ್ಟುಬಿಡು. ಸರಿಯಾಗಿ ಹೊಂದದಿದ್ದರೂ ಒಂದು ಉಪಾಯವಿದೆ. ಐವತ್ತರ ನೋಟಿನ ಜೊತೆ ಮೂರು ರೂಪಾಯಿ ಸೇರಿಸಿ ಕೊಟ್ಟರೆ ಅವರು ಮೂವತ್ತು ವಾಪಸ್ ಕೊಟ್ಟರಾಯಿತು. ಬರೀ ಐವತ್ತು ಕೊಟ್ಟರೆ ಇಪ್ಪತ್ತೇಳು ಹುಡುಕಬೇಕು. “ಮೂರು ರೂಪಾಯಿ ಇದ್ಯಾ?” ಅಂತ ಕಂಡಕ್ಟರ್ ಕೇಳುವುದು ಅದಕ್ಕೇ. ಕೇಳುವ ಮೊದಲೇ ಕೊಡುವವನಾಗು.

ಕಂಡಕ್ಟರ್ ಬ್ಯಾಗಿನ ವಿಷಯ ನಿನಗೆ ಗೊತ್ತಿರಬೇಕು, ಹೆಚ್ಚಿನವರು ಅದನ್ನು ಯೋಚಿಸುವುದೇ ಇಲ್ಲ. ಆ ಬ್ಯಾಗು ಊರ ಕೆರೆ ಇದ್ದ ಹಾಗೆ, ಒಳಗೆ ಬಂದದ್ದೇ ಹೊರಗೆ ಹೋಗಬೇಕು. ಮುಂದಿನ ಸೀಟಿನವರು ಕೊಟ್ಟ ಹತ್ತರ ನೋಟೇ ಹಿಂದಿನ ಸೀಟಿನವರಿಗೆ ಚಿಲ್ಲರೆಯಾಗಿ ಹೋಗುವುದು. ಬೆಳಿಗ್ಗೆ ಮೊದಲ ಟ್ರಿಪ್ಪಿನಲ್ಲಿ ನೀನು ಐನೂರರ ನೋಟು ಚಾಚಿದರೆ, ಅಷ್ಟು ಹೊತ್ತು ಕೂಡಿಬಂದ ಚಿಲ್ಲರೆಯನ್ನೆಲ್ಲ ನೀನೊಬ್ಬನೇ ಬಳಿದುಕೊಂಡು ಹೋದ ಹಾಗಾಗುತ್ತೆ. ನಿನ್ನ ಹಿಂದೆ ಹತ್ತಿದ ಗಾರೆ ಕೆಲಸದವನು ಐವತ್ತು ಕೊಟ್ಟರೆ ಅವನಿಗೆ ಕೊಡಲು ಬ್ಯಾಗಿನಲ್ಲಿ ಏನೂ ಉಳಿದಿರುವುದಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತಲ್ಲ, ಅಂದಿನಿಂದ ನಮ್ಮಂಥ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಶೂನ್ಯ ದರದ ಟಿಕೆಟ್. ಆ ಯೋಜನೆಯಿಂದ ಎಷ್ಟು ಹೆಣ್ಣುಮಕ್ಕಳು ಕೆಲಸಕ್ಕೆ, ಆಸ್ಪತ್ರೆಗೆ, ತವರಿಗೆ ಓಡಾಡುವಂತಾಯಿತು ಅನ್ನುವುದನ್ನು ಕಣ್ಣಾರೆ ಕಂಡಿದ್ದೇನೆ, ಅದು ನೂರು ಕಾಲ ಇರಲಿ. ಆದರೆ ಅದರ ಜೊತೆಗೇ ಇನ್ನೊಂದೂ ಆಯಿತು. ಸೆರಗಿನ ಗಂಟಿನಿಂದ, ಪುಟ್ಟ ಪರ್ಸಿನಿಂದ ಎಣಿಸಿ ಚಿಲ್ಲರೆ ಕೊಡುತ್ತಿದ್ದವರು ನಾವು. ನಮ್ಮ ದುಡ್ಡು ಈಗ ಆ ಬ್ಯಾಗಿಗೆ ಬೀಳುವುದಿಲ್ಲ. ಫೋನಿನಲ್ಲಿ ಕಟ್ಟುವವರದ್ದೂ ಬೀಳುವುದಿಲ್ಲ. ಉಳಿದವರು ನಗದು ಕೊಡುವ ನಿನ್ನಂಥ ಕೆಲವರು, ಬ್ಯಾಗಿನ ಚಿಲ್ಲರೆಯೆಲ್ಲ ನಿಮ್ಮಿಂದಲೇ ಬರಬೇಕು. ಅದಕ್ಕೇ ಮಗ, ಮೊದಲಿಗಿಂತ ಈಗ ಈ ಮಾತು ಜಾಸ್ತಿ ಮುಖ್ಯ.

ಬ್ಯಾಗಿನಲ್ಲಿ ತಮ್ಮ ಸ್ವಂತ ದುಡ್ಡು ಇಟ್ಟುಕೊಂಡು ಚಿಲ್ಲರೆ ಕೊಡಬಾರದೇ ಅಂದುಕೊಳ್ಳಬೇಡ. ಕೆಲಸ ಶುರುವಾಗುವಾಗಲೇ ಜೇಬಿನಲ್ಲಿರುವ ಸ್ವಂತ ಹಣ ಎಷ್ಟು ಅಂತ ಅವರು ಬರೆದು ತೋರಿಸಿರಬೇಕು. ದಾರಿಯಲ್ಲಿ ಚೆಕಿಂಗಿನವರು ಹತ್ತಿದರೆ ಮೆಷಿನ್ ತೋರಿಸುವ ಲೆಕ್ಕಕ್ಕೂ ಬ್ಯಾಗಿನ ದುಡ್ಡಿಗೂ ತಾಳೆ ನೋಡುತ್ತಾರೆ. ಹೆಚ್ಚಿದ್ದರೂ ತಪ್ಪು, ಕಡಿಮೆಯಿದ್ದರೂ ತಪ್ಪು. ಆ ಗದ್ದಲದಲ್ಲಿ, ನಿಂತ ಕಾಲಲ್ಲಿ, ಬ್ರೇಕ್ ಹಾಕಿದಾಗೆಲ್ಲ ಜೋಲಿ ಹೊಡೆಯುತ್ತಾ ಅವರು ಲೆಕ್ಕ ಇಡುತ್ತಾರೆ. ಗಂಡಸಾದರೆ ಸರ್ ಅನ್ನು, ಅಣ್ಣ ಅನ್ನು. ಹೆಂಗಸಾದರೆ ಮೇಡಂ ಅಥವಾ ಅಕ್ಕ. “ಏಯ್ ಕಂಡಕ್ಟರ್” ಅನ್ನುವ ಮಾತು ನಿನ್ನ ಬಾಯಲ್ಲಿ ಬರಕೂಡದು.

ದೊಡ್ಡ ನೋಟು ಮಾತ್ರ ಇರುವ ದಿನವೂ ಬರುತ್ತೆ, ಸಂಬಳದ ದಿನ ಎಟಿಎಂ ಕೊಡುವುದೇ ಐನೂರರ ನೋಟು. ಅಂಥ ದಿನ ಸ್ಟಾಪಿನ ಹತ್ತಿರದ ಹಾಲಿನ ಬೂತಿನಲ್ಲೋ ಬೇಕರಿಯಲ್ಲೋ ಒಂದು ಬನ್ನು, ಒಂದು ಪ್ಯಾಕೆಟ್ ಹಾಲು ತೆಗೆದುಕೊಂಡು ನೋಟು ಮುರಿಸಿಕೊ. ಬೆಳಿಗ್ಗೆ ಹೊತ್ತು ಅವರಿಗೂ ಬೋಣಿಯ ಹೊತ್ತು, ಬರೀ ಚಿಲ್ಲರೆ ಕೇಳಿದರೆ ಮುಖ ಸಿಂಡರಿಸುತ್ತಾರೆ. ಯಾವುದೂ ಆಗದಿದ್ದರೆ ಬಸ್ಸು ಹತ್ತಿದ ಕೂಡಲೇ “ಸರ್, ಐನೂರೇ ಇರೋದು, ನಿಧಾನಕ್ಕೆ ಕೊಡಿ” ಅಂದುಬಿಡು. ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುತ್ತಾರೆ. ಅದನ್ನು ಅಲ್ಲೇ ಓದಿ ನೋಡು, ಬರೆದದ್ದು ಸರಿಯಾಗಿದೆಯಾ ಅಂತ. ಕೈಯಲ್ಲಿ ಮಡಚಿ ಮಡಚಿ ಬೆವರಿಗೆ ಅಳಿಸಿಹೋಗುವಂತೆ ಮಾಡಬೇಡ, ಅಂಗಿಯ ಜೇಬಿನಲ್ಲಿಡು. ಇಳಿಯುವ ಸ್ಟಾಪಿನಲ್ಲಿ ಬಾಗಿಲ ಹತ್ತಿರ ನಿಂತು ಕೇಳುವುದಕ್ಕಿಂತ ಎರಡು ಸ್ಟಾಪು ಮುಂಚೆಯೇ ಹೋಗಿ ಕೇಳು. ಮರೆತು ಇಳಿದುಬಿಟ್ಟರೆ ಟಿಕೆಟ್ ಬಿಸಾಡಬೇಡ, ಅದನ್ನು ಹಿಡಿದುಕೊಂಡು ಡಿಪೊಗೆ ಹೋಗಿ ವಿಚಾರಿಸಬಹುದು.

ಒಂದೊಂದು ಸಲ ಬಾಕಿ ಇರುವ ಇಬ್ಬರನ್ನು ಕರೆದು ಒಂದೇ ನೋಟು ಕೈಗಿಟ್ಟು “ಇಬ್ಬರೂ ಹಂಚಿಕೊಳ್ಳಿ” ಅನ್ನುತ್ತಾರೆ. ನೋಟು ನಿನ್ನ ಕೈಗೆ ಬಂದರೆ ಆ ಇನ್ನೊಬ್ಬರು ಎಲ್ಲಿ ಇಳಿಯುತ್ತಾರೆ ಅಂತ ಕೇಳಿ, ಬಸ್ಸಿನೊಳಗೇ ಲೆಕ್ಕ ಮುಗಿಸು. ವಯಸ್ಸಾದವರಾದರೆ ನೋಟನ್ನು ಅವರ ಕೈಯಲ್ಲೇ ಇಟ್ಟು, ನಿನ್ನ ಪಾಲನ್ನು ಅವರಿಂದ ಈಸಿಕೊ. ಅವರಿಗೆ ನಿನ್ನ ಹಿಂದೆ ಓಡಿಬರುವ ಶಕ್ತಿ ಇರುವುದಿಲ್ಲ.

ನಿನಗೆ ಬರಬೇಕಾದ ಒಂದು ರೂಪಾಯಿ ಕೇಳುವುದಕ್ಕೆ ನಾಚಿಕೊಳ್ಳಬೇಡ. 29 ರೂಪಾಯಿಯ ಟಿಕೆಟ್ಟಿಗೆ 30 ಕೊಟ್ಟು, ಉಳಿದ ಒಂದು ರೂಪಾಯಿ ಸಿಗದ ಪ್ರಯಾಣಿಕರೊಬ್ಬರು ಗ್ರಾಹಕರ ನ್ಯಾಯಾಲಯಕ್ಕೆ ಹೋಗಿದ್ದರು. ಅವರಿಗೆ 2000 ರೂಪಾಯಿ ಪರಿಹಾರ ಕೊಡುವಂತೆ 2023ರಲ್ಲಿ ಬಿಎಂಟಿಸಿಗೆ ಆದೇಶವಾಯಿತು. ಒಂದು ರೂಪಾಯಿಗೆ ಅಷ್ಟೊಂದು ಯಾಕೆ ಅಂದವರೂ ಇದ್ದರು. ನನಗೆ ಹಾಗನ್ನಿಸುವುದಿಲ್ಲ, ದುಡಿದ ದುಡ್ಡು ಎಷ್ಟಾದರೂ ದುಡ್ಡೇ. ಹಾಗಂತ ಇಲ್ಲದ ಚಿಲ್ಲರೆಗೆ ಜಗಳ ತೆಗೆಯಬಾರದು. ಸಮಾಧಾನವಾಗಿ ಕೇಳಿದರೆ ಬಹುಪಾಲು ಕಂಡಕ್ಟರುಗಳು ಹುಡುಕಿಯಾದರೂ ಕೊಡುತ್ತಾರೆ.

ಹತ್ತು ರೂಪಾಯಿ ನಾಣ್ಯ ಬೇಡ ಅನ್ನುವ ರೋಗವೊಂದು ನಮ್ಮ ಕಡೆ ಅಂಟಿಕೊಂಡಿದೆ, ಅದು ನಿನಗೆ ತಗುಲದಿರಲಿ. ರೂಪಾಯಿ ಚಿಹ್ನೆ ಇರುವುದು, ಇಲ್ಲದ್ದು, ಗೆರೆ ಹೆಚ್ಚಿರುವುದು, ಕಡಿಮೆ ಇರುವುದು, ಹೀಗೆ 14 ವಿನ್ಯಾಸಗಳಿದ್ದು, ಎಲ್ಲವೂ ಚಲಾವಣೆಯ ನಾಣ್ಯಗಳೇ ಅಂತ ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲೇ ತಿಳಿಸಿದೆ. ಕಂಡಕ್ಟರ್ ಕೊಟ್ಟರೆ ತೆಗೆದುಕೊ, ನೀನೂ ಧೈರ್ಯವಾಗಿ ಕೊಡು. ಚಲಾವಣೆ ನಿಂತಿರುವುದು 25 ಪೈಸೆ ಮತ್ತು ಅದಕ್ಕಿಂತ ಚಿಕ್ಕವು, ಅದೂ 2011ರ ಜೂನ್ ಕೊನೆಗೆ. ಹರಿದು ಅಂಟಿಸಿದ ನೋಟು ಕೈಗೆ ಬಂದಿದ್ದರೆ ಮಾತ್ರ ಅದನ್ನು ಗದ್ದಲದ ನಡುವೆ ಮಡಚಿ ಕಂಡಕ್ಟರ್‌ಗೆ ದಾಟಿಸಬೇಡ. ಡಿಪೊದಲ್ಲಿ ದುಡ್ಡು ಕಟ್ಟುವಾಗ ಅದು ಅವರ ತಲೆಗೆ ಬರುತ್ತೆ. ಅಂಥದ್ದನ್ನು ಬ್ಯಾಂಕಿನಲ್ಲಿ ಬದಲಾಯಿಸಿಕೊ.

ಎರಡೆರಡು ಬಸ್ಸು ಬದಲಿಸುವ ದಿನ ಬಿಡಿ ಟಿಕೆಟ್ ತೆಗೆಯಬೇಡ. 23ರ ಟಿಕೆಟ್ಟು ನಾಲ್ಕು ಸಲ ತೆಗೆದರೆ 92 ಆಗುತ್ತೆ, ಸಾಮಾನ್ಯ ಬಸ್ಸಿನ ದಿನದ ಪಾಸು 80. ಆ ಪಾಸನ್ನೂ ಬೆಳಿಗ್ಗೆಯೇ ತೆಗೆದುಕೊಳ್ಳುತ್ತೀಯ, ಆಗ ಬ್ಯಾಗಿನಲ್ಲಿ ಚಿಲ್ಲರೆ ತೀರಾ ಕಡಿಮೆ. ಒಂದು ಐವತ್ತು, ಒಂದು ಇಪ್ಪತ್ತು, ಒಂದು ಹತ್ತು, ಮೂರು ನೋಟು ಒಟ್ಟಿಗೆ ಹಿಡಿದುಕೊಂಡೇ ಹತ್ತು.