ತಾಲ್ಲೂಕಿಗೊಬ್ಬ ‘ಆಯೋಗದ ಅಧ್ಯಕ್ಷ’ ಇರುವುದಿಲ್ಲ

ಮಸ್ಕಿ ಕಡೆಯ ಹಳ್ಳಿಯ ತಾಯಿಯೊಬ್ಬರು ನನ್ನ ಕಚೇರಿಗೆ ಬಂದು, ಪ್ಲಾಸ್ಟಿಕ್ ಕವರಿನಿಂದ ಒಂದು ಕಾರ್ಡು ತೆಗೆದು ಮೇಜಿನ ಮೇಲಿಟ್ಟರು. ಮೇಲೆ ತ್ರಿವರ್ಣದ ಪಟ್ಟಿ, ಮಧ್ಯೆ ಸಿಂಹಮುದ್ರೆ, ಕೆಳಗೆ ಒಬ್ಬನ ಫೋಟೊ. ‘ಮಾನವ ಹಕ್ಕು’ ಎಂಬುದು ದಪ್ಪಕ್ಷರದಲ್ಲಿ, ‘ಜಿಲ್ಲಾಧ್ಯಕ್ಷರು’ ಎಂಬುದು ಕೆಂಪಕ್ಷರದಲ್ಲಿ ಇದ್ದವು. ‘ಟ್ರಸ್ಟ್ (ರಿ)’ ಎಂಬುದು ಎಷ್ಟು ಸಣ್ಣದಿತ್ತೆಂದರೆ ಅದನ್ನು ಓದಲು ನಾನು ಕನ್ನಡಕ ಹುಡುಕಬೇಕಾಯಿತು.

“ಆಯೋಗದೋರು ಅದಾರ್ರಿ ಅವ್ರು. ಸಿಂಹದ ಸಿಕ್ಕಾ ಐತಿ ನೋಡ್ರಿ” ಅಂದರು.

ಆಕೆಯ ಮಗನನ್ನು ಒಂದು ಠಾಣೆಯಲ್ಲಿ ಎರಡು ರಾತ್ರಿ ಕೂಡಿಹಾಕಿ ಹೊಡೆದಿದ್ದರು. ಕೇಸೂ ಇಲ್ಲ, ಕಾಗದವೂ ಇಲ್ಲ. ಮೂರನೇ ದಿನ ‘ಅಧ್ಯಕ್ಷರು’ ಮನೆಗೇ ಬಂದಿದ್ದರು. ಎಂಟು ಸಾವಿರ ತೆಗೆದುಕೊಂಡು, ತಮ್ಮದೇ ಲೆಟರ್‌ಹೆಡ್ಡಿನಲ್ಲಿ ಮನವಿ ಬರೆದು, ಯಾರೋ ಅಧಿಕಾರಿಗೆ ಕೊಡುವಾಗ ಫೋಟೊ ತೆಗೆಸಿ, “ದಿಲ್ಲಿಯಿಂದ ಆರ್ಡರ್ ಬರ್ತೈತಿ, ಕಾಯ್ರಿ” ಅಂದಿದ್ದರು. ಕಾದರು. ನನ್ನ ಹತ್ತಿರ ಬರುವ ಹೊತ್ತಿಗೆ ಹದಿನಾಲ್ಕು ತಿಂಗಳಾಗಿತ್ತು.

ಎಂಟು ಸಾವಿರ ಹೋದದ್ದು ಸಣ್ಣ ಮಾತು. ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆ, 1993ರ 36ನೇ ಕಲಮಿನ ಪ್ರಕಾರ, ಘಟನೆ ನಡೆದು ಒಂದು ವರ್ಷ ದಾಟಿದರೆ ಆಯೋಗ ಅದನ್ನು ವಿಚಾರಿಸುವಂತಿಲ್ಲ. ಆ ವರ್ಷವನ್ನು ಕಾರ್ಡಿನವನು ತಿಂದುಹಾಕಿದ್ದ. ಲಿಂಗಸುಗೂರು, ಸಿಂಧನೂರು, ಮಸ್ಕಿ ಮೂರೂ ತಾಲ್ಲೂಕುಗಳಿಂದ ಇಂಥವರು ಬರುತ್ತಲೇ ಇದ್ದಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಗೊತ್ತಾಗಬೇಕಾದ್ದು, ಆಯೋಗಕ್ಕೆ ಜನರನ್ನು ನೇಮಿಸುವವರು ಯಾರು ಎಂಬುದು. ದಿಲ್ಲಿಯ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರನ್ನೂ ಸದಸ್ಯರನ್ನೂ ರಾಷ್ಟ್ರಪತಿಗಳು ನೇಮಿಸುತ್ತಾರೆ. ನಮ್ಮ ರಾಜ್ಯದ ಆಯೋಗಕ್ಕೆ ನೇಮಿಸುವವರು ರಾಜ್ಯಪಾಲರು, ಅದೂ ತಮ್ಮಿಷ್ಟದಂತಲ್ಲ. ಮುಖ್ಯಮಂತ್ರಿ, ವಿಧಾನಸಭಾಧ್ಯಕ್ಷರು, ಗೃಹ ಸಚಿವರು, ವಿಧಾನಸಭೆಯ ವಿರೋಧ ಪಕ್ಷದ ನಾಯಕರು, ನಮ್ಮಲ್ಲಿ ಮೇಲ್ಮನೆಯೂ ಇರುವುದರಿಂದ ಪರಿಷತ್ತಿನ ಸಭಾಪತಿ ಮತ್ತು ಅಲ್ಲಿನ ವಿರೋಧ ಪಕ್ಷದ ನಾಯಕರು, ಇವರೆಲ್ಲರ ಸಮಿತಿ ಶಿಫಾರಸು ಮಾಡಬೇಕು. ಆಮೇಲೆ ರಾಜ್ಯಪಾಲರು ಸಹಿ ಹಾಕಿ ಮೊಹರು ಒತ್ತಿದ ವಾರಂಟ್ ಹೊರಡುತ್ತದೆ. (ವಾರಂಟ್ ಅಂದಕೂಡಲೇ ಹೆದರಬೇಡಿ, ಇದು ಹಿಡಿದೊಯ್ಯುವ ವಾರಂಟ್ ಅಲ್ಲ, ನೇಮಕದ ಅಪ್ಪಣೆ.) ಅಧ್ಯಕ್ಷರಾಗುವವರು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯೋ ನ್ಯಾಯಮೂರ್ತಿಯೋ ಆಗಿದ್ದವರಿರಬೇಕು. ಸದಸ್ಯರು ಇಬ್ಬರು. ಇಡೀ ಕರ್ನಾಟಕಕ್ಕೆ ಮೂವರು, ಅಷ್ಟೆ. 2019ರ ತಿದ್ದುಪಡಿಯ ನಂತರ ಅವರಿಗೂ ಅಧಿಕಾರ ಮೂರು ವರ್ಷ, ಇಲ್ಲವೇ ಎಪ್ಪತ್ತು ವಯಸ್ಸಿನವರೆಗೆ, ಯಾವುದು ಮೊದಲೋ ಅದು. ನಮ್ಮ ಊರಿನ ‘ಅಧ್ಯಕ್ಷ’ನ ಕಾರ್ಡಿನಲ್ಲಿ ಮಾತ್ರ ‘ಆಜೀವ’ ಎಂದಿರುತ್ತದೆ!

ಜಿಲ್ಲಾಧ್ಯಕ್ಷ, ತಾಲ್ಲೂಕು ಸಂಚಾಲಕ, ಹೋಬಳಿ ಉಸ್ತುವಾರಿ ಎಂಬ ಒಂದೇ ಒಂದು ಹುದ್ದೆ ಆ ಕಾಯ್ದೆಯಲ್ಲಿ ಇಲ್ಲ. ‘ವಿಶ್ವಶಾಂತಿ ರಾಯಭಾರಿ’ ಎಂಬ ಶಾಲು-ಫಲಕದ ದಂಧೆಯೂ ಇದೇ ಜಾತಿಯದು. ದೇಶದ ನಿಜವಾದ ರಾಯಭಾರಿ ರಾಷ್ಟ್ರಪತಿಗಳ ಸಹಿಯ ಪತ್ರ ಹಿಡಿದು ಹೋಗಿ, ತಾವು ಹೋದ ದೇಶದ ಮುಖ್ಯಸ್ಥರ ಕೈಗೆ ಕೊಡುತ್ತಾರೆ, ಕಲ್ಯಾಣ ಮಂಟಪದಲ್ಲಿ ಫಲಕ ಹಿಡಿದು ಫ್ಲೆಕ್ಸ್ ಹಾಕಿಸಿಕೊಳ್ಳುವುದಿಲ್ಲ.

ಎಲ್ಲ ಆಯೋಗಕ್ಕೂ ಇದೇ ಪದ್ಧತಿ ಎಂದುಕೊಳ್ಳಬೇಡಿ. ಪರಿಶಿಷ್ಟ ಜಾತಿಗಳ ರಾಷ್ಟ್ರೀಯ ಆಯೋಗಕ್ಕೆ ರಾಷ್ಟ್ರಪತಿಗಳ ವಾರಂಟ್, ಕೆಪಿಎಸ್‌ಸಿಗೆ ರಾಜ್ಯಪಾಲರ ನೇಮಕ, ರಾಷ್ಟ್ರೀಯ ಮಹಿಳಾ ಆಯೋಗಕ್ಕೆ ಕೇಂದ್ರ ಸರ್ಕಾರದ ನಾಮನಿರ್ದೇಶನ. ದಾರಿ ಬೇರೆಬೇರೆ ಇರಬಹುದು, ಆದರೆ ಯಾವ ದಾರಿಯಲ್ಲೂ ಫೋನ್‌ಪೇ ಇಲ್ಲ. “ನಿಮ್ಮ ಹುಡುಗನ್ನ ಆಯೋಗದಾಗ ಮೆಂಬರ್ ಮಾಡಿಸ್ತೀನಿ, ಇಪ್ಪತ್ತೈದು ಸಾವಿರ” ಎಂದವನನ್ನು ಒಂದೇ ಮಾತು ಕೇಳಿ: ಸರ್ಕಾರದ ಆದೇಶ ಎಲ್ಲಿದೆ, ಅದರ ನಂಬರು ಏನು? ತಡವರಿಸುತ್ತಾನೆ.

ಸಿಂಹದ ಬಗ್ಗೆ ಎರಡು ಮಾತು, ಏಕೆಂದರೆ ನಮ್ಮ ಜನ ಮೋಸ ಹೋಗುವುದೇ ಅದನ್ನು ನೋಡಿ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯ ಬಂಡೆಯ ಮೇಲೆ ಶಾಸನ ಕಂಡ. ಶಾಸನಗಳ ‘ದೇವಾನಾಂಪ್ರಿಯ’ ಅಶೋಕನೇ ಎಂದು ಖಚಿತವಾದದ್ದು ಆ ಬಂಡೆಯಿಂದ. ಅದೇ ಅಶೋಕನ ಸಾರನಾಥದ ಸಿಂಹಗಳು ಈಗ ಅದೇ ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಲ್ಯಾಮಿನೇಶನ್ ಆಗಿ ಓಡಾಡುತ್ತಿವೆ. ಖಾಸಗಿ ಸಂಸ್ಥೆ ರಾಷ್ಟ್ರಲಾಂಛನವನ್ನು ಸರ್ಕಾರದ್ದೆಂಬ ಭಾವನೆ ಬರುವಂತೆ ಬಳಸುವುದು 2005ರ ಕಾಯ್ದೆಯಡಿ ಅಪರಾಧ: ಎರಡು ವರ್ಷದವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ದಂಡ ನೋಡಿ ನಗು ಬರುತ್ತದೆ, ಅವನು ಒಂದು ಕಾರ್ಡಿಗೆ ಅದಕ್ಕಿಂತ ಹೆಚ್ಚು ವಸೂಲಿ ಮಾಡಿರುತ್ತಾನೆ. ಆದರೆ ಸರ್ಕಾರಿ ನೌಕರನಂತೆ ನಟಿಸುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 204ನೇ ಕಲಂ, ವಂಚನೆಗೆ 318ನೇ ಕಲಂ ಇವೆ, ಅವು ನಗುವಂಥವಲ್ಲ.

ಕಾರ್ಡು ಕೊಂಡ ಹುಡುಗರಿಗೂ ಇಲ್ಲೇ ಹೇಳಿಬಿಡುತ್ತೇನೆ. ದುಡ್ಡು ಕೊಟ್ಟು ಮೋಸ ಹೋದಷ್ಟು ಹೊತ್ತು ನೀನು ಫಿರ್ಯಾದಿ ತಮ್ಮಾ. ಅದನ್ನು ಹಿಡಿದು ಹೋಗಿ ರೇಷನ್ ಅಂಗಡಿಯಲ್ಲೋ ಗೊಬ್ಬರದಂಗಡಿಯಲ್ಲೋ “ನಾವು ಆಯೋಗದವರು, ಸ್ಟಾಕ್ ರಿಜಿಸ್ಟರ್ ತೋರ್ಸ್ರಿ” ಎಂದ ದಿನ ನೀನೇ ಆರೋಪಿ. ಅಂಗಡಿಯವರೂ ಕೇಳಿಸಿಕೊಳ್ಳಿ, ಹೀಗೆ ತಪಾಸಣೆ ಮಾಡುವ ಅಧಿಕಾರ ಅವರಲ್ಲಿ ಯಾರಿಗೂ ಇಲ್ಲ.

ಮಾನವ ಹಕ್ಕಿನ ಹೆಸರಿನ ಸಂಘಗಳೆಲ್ಲ ಕಳ್ಳರಲ್ಲ. ಪ್ರಾಮಾಣಿಕವಾಗಿ ಕೆಲಸ ಮಾಡುವವರಿದ್ದಾರೆ, ಸಂಘಸಂಸ್ಥೆಗಳನ್ನು ಪ್ರೋತ್ಸಾಹಿಸು ಎಂದು ಕಾಯ್ದೆಯೇ ಆಯೋಗಕ್ಕೆ ಹೇಳುತ್ತದೆ. ಅವರು ಅರ್ಜಿ ಬರೆದುಕೊಡಬಹುದು. ‘ನಾವೇ ಆಯೋಗ’ ಎನ್ನುವಂತಿಲ್ಲ.

ಇನ್ನು ದೂರು ಕೊಡುವ ಬಗೆ. ಬಿಳಿ ಹಾಳೆ ಸಾಕು, ಸ್ಟಾಂಪ್ ಪೇಪರ್ ಬೇಡ, ಶುಲ್ಕವೂ ಇಲ್ಲ. ಕನ್ನಡದಲ್ಲೇ ಬರೆಯಿರಿ. ಯಾರಿಗೆ, ಎಲ್ಲಿ, ಯಾವ ತಾರೀಖು, ಎಷ್ಟು ಹೊತ್ತಿಗೆ, ಯಾರು ಏನು ಮಾಡಿದರು, ನೋಡಿದವರು ಯಾರು, ಇಷ್ಟು ಇರಲಿ. ತಾರೀಖನ್ನು ಮೊದಲ ಸಾಲಿನಲ್ಲೇ ಬರೆಯಿರಿ. ನಾನು ನೋಡಿದ ಅರ್ಜಿಗಳಲ್ಲಿ ಅರ್ಧಕ್ಕರ್ಧ ‘ಸುಮಾರು ದಿನಗಳ ಹಿಂದೆ’ ಎಂದು ಶುರುವಾಗುತ್ತವೆ. ಒಂದು ವರ್ಷದ ಎಣಿಕೆ ಘಟನೆಯ ದಿನದಿಂದ. ನೀವು ಡಿವೈಎಸ್ಪಿಗೆ ಮನವಿ ಕೊಟ್ಟ ದಿನದಿಂದಲ್ಲ, ಅವರು “ನೋಡೋಣ” ಅಂದ ದಿನದಿಂದಲೂ ಅಲ್ಲ. ಅನ್ಯಾಯ ನಿಲ್ಲದೆ ಇನ್ನೂ ನಡೆಯುತ್ತಿದ್ದರೆ ವಾದಕ್ಕೆ ಜಾಗವಿದೆ, ಆದರೆ ಆ ವಾದವನ್ನು ನೆಚ್ಚಿಕೊಂಡು ಮನೆಯಲ್ಲಿ ಕೂರಬೇಡಿ.

ಪೊಲೀಸರು, ಸರ್ಕಾರಿ ಆಸ್ಪತ್ರೆ, ಹಾಸ್ಟೆಲ್, ಜೈಲು ಇವುಗಳ ವಿಷಯವಾದರೆ ಬೆಂಗಳೂರಿನ ಅಂಬೇಡ್ಕರ್ ವೀಧಿಯ ಬಹುಮಹಡಿ ಕಟ್ಟಡದಲ್ಲಿರುವ ರಾಜ್ಯ ಆಯೋಗಕ್ಕೆ ಕಳಿಸಿ. ಸಿಂಧನೂರಿಗೂ ಈಗ ರೈಲು ಬಂದಿದೆ, ರೈಲ್ವೆ ರಕ್ಷಣಾ ಪಡೆಯಂಥ ಕೇಂದ್ರದವರ ಮೇಲಿನ ದೂರಾದರೆ ದಿಲ್ಲಿಗೆ. ಎರಡೂ ಕಡೆ ಒಟ್ಟಿಗೆ ಹಾಕಿದರೆ ಬಲ ಹೆಚ್ಚು ಎಂದು ಟೈಪಿಂಗ್ ಅಂಗಡಿಯವರು ಹೇಳಿಕೊಡುತ್ತಾರೆ, ದಯವಿಟ್ಟು ಕೇಳಬೇಡಿ. ಒಂದು ಆಯೋಗದ ಮುಂದೆ ಬಾಕಿ ಇರುವುದನ್ನು ದಿಲ್ಲಿಯ ಆಯೋಗ ಮುಟ್ಟುವುದಿಲ್ಲ. ‘ಪ್ರತಿಗಳು’ ಎಂದು ಹದಿನೆಂಟು ಕಚೇರಿಗಳ ಹೆಸರು ಬರೆಯುವ ಚಟವನ್ನೂ ಬಿಡಿ. ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನು ಜೆರಾಕ್ಸ್ ತೆಗೆಸಿಡಿ, ಅಂಚೆ ರಸೀದಿಯ ಅಕ್ಷರ ಆರು ತಿಂಗಳಲ್ಲಿ ಮಾಸಿಹೋಗುತ್ತದೆ. ದೂರಿನ ಸಂಖ್ಯೆ ಬಂದ ಮೇಲೆ ಅದೇ ನಿಮ್ಮ ಹಿಡಿತ.

ಹೊಲದ ಬದುವಿನ ಜಗಳ, ಗಂಡಹೆಂಡಿರ ವ್ಯಾಜ್ಯ, ಬಡ್ತಿ-ವರ್ಗಾವಣೆ, ಕೋರ್ಟಿನಲ್ಲಿರುವ ಕೇಸು, ಇವನ್ನು ಕಳಿಸಿದರೆ ವಾಪಸ್ ಬರುತ್ತವೆ. ಆಯೋಗ ಪರಿಹಾರ ಕೊಡಿ, ಕ್ರಮ ತೆಗೆದುಕೊಳ್ಳಿ ಎಂದು ಸರ್ಕಾರಕ್ಕೆ ಶಿಫಾರಸು ಮಾಡುತ್ತದೆ, ತಾನೇ ಯಾರನ್ನೂ ಜೈಲಿಗೆ ಹಾಕುವುದಿಲ್ಲ.

ಕಾರ್ಡು ಅಸಲಿಯೋ ನಕಲಿಯೋ ಎಂಬ ಅನುಮಾನವಿದ್ದರೆ ಆಯೋಗದ ಮಾಹಿತಿ ಅಧಿಕಾರಿಗೇ ಮಾಹಿತಿ ಹಕ್ಕಿನಲ್ಲಿ ಕೇಳಿ: ಈ ಹೆಸರಿನ ವ್ಯಕ್ತಿಯನ್ನು ಈ ಹುದ್ದೆಗೆ ನೇಮಿಸಿದ ಆದೇಶದ ಪ್ರತಿ ಕೊಡಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಮೂವತ್ತು ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಮನಸ್ಸಿನ ಸಿಟ್ಟನ್ನೆಲ್ಲ ಅದರಲ್ಲಿ ತುಂಬಿದರೆ ತಿರಸ್ಕರಿಸಲು ಅವರಿಗೆ ನೆಪ ಸಿಗುತ್ತದೆ. ಆದರೆ ಈ ಉತ್ತರಕ್ಕಾಗಿ ಕಾಯುತ್ತ ಮೂಲ ದೂರನ್ನು ತಡಮಾಡಬೇಡಿ. ವರ್ಷದ ಗಡಿಯಾರ ನಿಮ್ಮ ಅನುಮಾನಕ್ಕಾಗಿ ನಿಲ್ಲುವುದಿಲ್ಲ.

ಹಣ ಕಳೆದುಕೊಂಡವರು ಠಾಣೆಗೆ ಹೋಗಿ. “ಇದು ಸಿವಿಲ್ ಮ್ಯಾಟ್ರು, ಕೂತು ಬಗೆಹರಿಸಿಕೊಳ್ರಿ” ಎಂಬ ಮಾತು ಗ್ಯಾರಂಟಿ ಕೇಳುತ್ತೀರಿ. ‘ಅಧ್ಯಕ್ಷರು’ ಅದೇ ಠಾಣೆಯಲ್ಲಿ ಚಹಾ ಕುಡಿದವರಿರುತ್ತಾರಲ್ಲ. ಎಫ್‌ಐಆರ್ ಮಾಡದಿದ್ದರೆ ರಾಯಚೂರಿನ ಎಸ್ಪಿಗೆ ಲಿಖಿತವಾಗಿ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ವಕೀಲರ ಫೀ ಎಲ್ಲಿಂದ ತರಲಿ ಎಂದರೆ ಸಿಂಧನೂರು, ಲಿಂಗಸುಗೂರು ನ್ಯಾಯಾಲಯಗಳಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಆ ತಾಯಿಗೆ ಆಯೋಗದ ಬಾಗಿಲು ಮುಚ್ಚಿತ್ತು, ಆದರೂ ಎಲ್ಲ ಬಾಗಿಲೂ ಮುಚ್ಚಿರಲಿಲ್ಲ. ಕ್ರಿಮಿನಲ್ ಕೋರ್ಟಿನಲ್ಲಿ ಮೂರು ವರ್ಷಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಕ್ಕೆ ಕಾಲಮಿತಿಯಿಲ್ಲ. ಸಾಮಾನ್ಯ ಹೊಡೆತಕ್ಕೆ ಮಾತ್ರ ಅಲ್ಲೂ ಒಂದೇ ವರ್ಷ, ಅದೂ ಮುಗಿದಿತ್ತು. ಮಗನ ಆಸ್ಪತ್ರೆ ಚೀಟಿ ಕೇಳಿದೆ. “ಅಧ್ಯಕ್ಷರ ಹತ್ರ ಐತ್ರಿ, ಅಸಲು ಬೇಕಂತ ಒಯ್ದಾರ” ಅಂದರು.

ನಿಮ್ಮ ಅಸಲು ಕಾಗದ ಯಾರ ಹತ್ತಿರವಾದರೂ ಇದ್ದರೆ ನಾಳೆಯೇ ಹೋಗಿ ಇಸಿದುಕೊಳ್ಳಿ. ಘಟನೆಯ ತಾರೀಖು ನೋಡಿ. ವರ್ಷ ತುಂಬಿಲ್ಲವಾದರೆ ಇವತ್ತೇ ಬರೆದು ಅಂಚೆಗೆ ಹಾಕಿ.